ಗೋವಿಂದಣ್ಣನನ್ನು ಕಂಡಿಲ್ಲ ಎಂದೆ

ಸರ್ವೆಯವರು ನಮ್ಮೂರ ಹೊಲಗಳಲ್ಲಿ ಕಲ್ಲು ನೆಟ್ಟ ದಿನ ಗೋವಿಂದಣ್ಣ ಎಲ್ಲಿದ್ದ ಎಂಬುದು ನನಗೆ ಗೊತ್ತಿತ್ತು. ನನ್ನ ಪಕ್ಕದಲ್ಲೇ ಇದ್ದ — ಬೆಂಗಳೂರಿನ ಆಸ್ಪತ್ರೆಯೊಂದರ ಬೆಂಚಿನ ಮೇಲೆ, ನನ್ನ ಹಸುಗೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ಊರಿನವರು ನನ್ನ ಫೋನಿಗೆ ಬರೆದು ಕೇಳಿದರು, ಗೋವಿಂದನನ್ನು ಕಂಡೆಯಾ ಎಂದು. ನಾನು ಕಂಡಿಲ್ಲ ಎಂದೆ.

ಆ ಮಾತಿನಿಂದ ಅವನು ಊರು ಬಿಡಬೇಕಾಯಿತು. ನಾನು ಊರಲ್ಲೇ ಉಳಿದೆ. ಮಗಳನ್ನು ಬೆಳೆಸಿದೆ, ಹಳೆ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿದೆ, ಡೇರಿಯ ಸಮಿತಿಗೆ ಸದಸ್ಯನೂ ಆದೆ. ಮಂಜುನಾಥ ಅಂದರೆ ಊರಲ್ಲಿ ಕೆಟ್ಟದಾಗಿ ಮಾತಾಡುವವರು ಯಾರೂ ಇರಲಿಲ್ಲ — ಹೋದ ತಿಂಗಳವರೆಗೆ.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಡುವೆ ಎಲ್ಲಾದರೂ ನನ್ನ ಪರವಾಗಿ ನಾನೇ ವಾದ ಮಾಡತೊಡಗಿದರೆ — ಅಭ್ಯಾಸ ಅದು, ಇಷ್ಟು ವರ್ಷದ್ದು — ಓದುವ ನೀವು ಅದನ್ನು ನಂಬಬೇಡಿ.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರು ಹಾರೋಹಳ್ಳಿಗೆ ಹತ್ತಿರ. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಕಾರ್ಖಾನೆಗಳ ತಗಡಿನ ಚಾವಣಿ ಬಿಸಿಲಿಗೆ ಹೊಳೆಯುವುದು ಕಾಣುತ್ತಿತ್ತು. ನಾನು ಡಿಪ್ಲೊಮಾ ಮುಗಿಸಿ ಅಲ್ಲೇ ಒಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಗಾಡಿಗಳ ಬಿಡಿಭಾಗ ತಯಾರಾಗುವ ಕಡೆ, ಅವುಗಳ ಅಳತೆ ನೋಡಿ ಪಾಸು ಮಾಡುವ ಕೆಲಸ. ಮನೆಯಲ್ಲಿ ಅವ್ವ, ನಾನು, ಹೆಂಡತಿ ಸವಿತ. ಸವಿತಳದ್ದು ಮಾಗಡಿ ಕಡೆ. ಅವಳಿಗೆ ಆಗ ದಿನ ತುಂಬಿತ್ತು.

ಆಗಲೇ ಸುದ್ದಿ ಬಂದದ್ದು: ಕೈಗಾರಿಕಾ ಪ್ರದೇಶವನ್ನು ಇನ್ನೂ ಬೆಳೆಸುತ್ತಾರೆ, ನಮ್ಮೂರ ಕೆಳಗಿನ ಬಯಲೆಲ್ಲ ಹೋಗುತ್ತದೆ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಬೋರು, ಎಲ್ಲ. ಡೇರಿಯ ಮುಂದೆ ಶಾಮಿಯಾನ ಎದ್ದಿತು. ಗಂಡಸರು ಹಗಲೆಲ್ಲ ಅಲ್ಲಿ ಕೂರುವುದು, ಹೆಂಗಸರು ಹಾಲು ಹಾಕಿ ಹೋಗುವಾಗ ನಿಂತು ಘೋಷಣೆ ಕೂಗುವುದು. ಎಲ್ಲದಕ್ಕೂ ಮುಂದಾಳು ಗೋವಿಂದಣ್ಣ.

ಅವನು ನಮ್ಮ ಪಕ್ಕದ ಹೊಲದವನು, ನನಗಿಂತ ಹತ್ತಾರು ವರ್ಷ ಹಿರಿಯ. ರೇಷ್ಮೆ ಸಾಕುತ್ತಿದ್ದ. ಒಂದು ಹಳೇ ವ್ಯಾನು ಇಟ್ಟುಕೊಂಡು ಊರವರ ಗೂಡನ್ನೆಲ್ಲ ರಾಮನಗರದ ಮಾರುಕಟ್ಟೆಗೆ ಸಾಗಿಸುತ್ತಿದ್ದ. ಭಾಷಣ ಮಾಡುವವನಲ್ಲ. ಆದರೆ ಅಧಿಕಾರಿಗಳು ಬಂದಾಗ ಅವನು ಎದ್ದು ನಿಂತರೆ ಊರು ಎದ್ದು ನಿಲ್ಲುತ್ತಿತ್ತು, ಅವನು ಕೂತುಕೊಳ್ರಪ್ಪ ಅಂದರೆ ಬಿಸಿ ತಲೆಯ ಹುಡುಗರೂ ಕೂರುತ್ತಿದ್ದರು. ಸರ್ವೆಯವರು ಬರುವ ದಿನ ಬಯಲಿಗೆ ಇಳಿಯುವ ದಾರಿಗೆ ಅವನ ವ್ಯಾನನ್ನು ಅಡ್ಡ ನಿಲ್ಲಿಸುವುದು, ಅದರ ಮುಂದೆ ಹೆಂಗಸರು ಮಕ್ಕಳೆಲ್ಲ ಕೂರುವುದು, ಯಾರೂ ಕೈ ಎತ್ತದ ಹಾಗೆ ಅವನು ನೋಡಿಕೊಳ್ಳುವುದು — ಹೀಗೆ ಮಾತಾಗಿತ್ತು.

ನನ್ನ ಕೆಲಸ ಬೇರೆ. ಜಾಲತಾಣದಲ್ಲಿ ಒಂದು ಪುಟ ಮಾಡಿದ್ದೆ, ನಮ್ಮೂರ ಹೋರಾಟದ್ದು. ಸಾಮಾಜಿಕ ಜಾಲತಾಣ ಅನ್ನುವುದು ನಮ್ಮ ಕಡೆಗೆ ಆಗತಾನೆ ಕಾಲಿಟ್ಟಿತ್ತು. ಕೀಪ್ಯಾಡ್ ಫೋನು, ಪುಟ ತೆರೆಯಬೇಕಾದರೆ ಒಂದು ಬೀಡಿ ಸೇದಿ ಮುಗಿಸಬಹುದು. ಕನ್ನಡ ಮೂಡುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಬೇಕು. ಆದರೂ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನಮ್ಮ ಸುತ್ತಿನ ಹುಡುಗರೆಲ್ಲ ಅಲ್ಲಿ ಸೇರಿಕೊಂಡರು. ಕನಕಪುರದಿಂದ, ಕೈಲಾಂಚದಿಂದ, ಹೆಸರೇ ಕೇಳದ ಊರುಗಳಿಂದ ಬೆಂಬಲ ಬರತೊಡಗಿತು. ಹಗಲು ಕಾರ್ಖಾನೆಯ ಸಮವಸ್ತ್ರದಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದ ನಾನು ಆ ಪುಟದಲ್ಲಿ ಮಾತ್ರ ಎದೆ ಸೆಟೆಸಿ ನಿಲ್ಲುತ್ತಿದ್ದೆ. ಕಾರ್ಖಾನೆಯ ಅನ್ನ ಉಂಡು ಕಾರ್ಖಾನೆ ಬೇಡ ಎಂದು ಬರೆಯುವುದು... ಇರಲಿ, ಅದೂ ಒಂದು ಥರದ ಬದುಕು.

ಆಮೇಲೆ ಸವಿತಳಿಗೆ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿ ಮಗು ಚೆನ್ನಾಗಿಯೇ ಮನೆಗೆ ಬಂದರು. ಎರಡನೇ ವಾರದಲ್ಲಿ ಸವಿತಳ ನಿದ್ದೆ ಹೋಯಿತು. ಗೋಡೆಯ ಕಡೆ ಕಣ್ಣು ನೆಟ್ಟು ಕೂತಿರುತ್ತಿದ್ದಳು. ಯಾರೋ ಮಾತಾಡ್ತಾವ್ರೆ ಅನ್ನುತ್ತಿದ್ದಳು. ಮಗುವನ್ನು ಕೊಟ್ಟರೆ, ಇದು ಯಾರದ್ದು, ಅವರಿಗೆ ಕೊಟ್ಟುಬಿಡಿ ಅನ್ನುತ್ತಿದ್ದಳು. ಅವ್ವ ದೃಷ್ಟಿ ತೆಗೆದಳು, ಯಂತ್ರ ಕಟ್ಟಿಸಿದಳು. ನಾನು — ನಾನು ಫೋನು ನೋಡುತ್ತಿದ್ದೆ. ಹೆಂಡತಿಯ ಮುಖ ನೋಡಲಾಗದೆ ಪುಟ ತೆರೆಯುತ್ತಿದ್ದೆ. ಅಲ್ಲಿ ಯಾರು ಏನು ಬರೆದರು, ಯಾರು ಒಪ್ಪಿದರು, ಇವತ್ತು ಎಷ್ಟು ಜನ ಬಂದರು. ಅಲ್ಲಿ ನನಗೆ ಶತ್ರು ಯಾರು ಅಂತ ಗೊತ್ತಿತ್ತು. ಮನೆಯಲ್ಲಿ ಯಾರ ವಿರುದ್ಧ ಘೋಷಣೆ ಕೂಗಲಿ?

ಒಂದು ಬೆಳಿಗ್ಗೆ ಗೋವಿಂದಣ್ಣ ಹುಳಕ್ಕೆ ಸೊಪ್ಪು ಕೊಯ್ಯಲು ಹೋದವನು ನನ್ನ ಮಗುವನ್ನು ಎತ್ತಿಕೊಂಡು ನಮ್ಮ ಹಟ್ಟಿಗೆ ಬಂದ. ಅವನ ಹಿಂದೆ ಸವಿತ, ಬರಿಗಾಲು, ಬಿಚ್ಚಿದ ತಲೆ. ಮಗುವನ್ನು ಬೋರಿನ ತೊಟ್ಟಿಯ ಕಟ್ಟೆಯ ಮೇಲೆ ಇಟ್ಟು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳಂತೆ. ತೊಟ್ಟಿ ತುಂಬಿತ್ತು.

ಗೋವಿಂದಣ್ಣ ಏನೂ ಬೈಯಲಿಲ್ಲ. ನನ್ನನ್ನು ಮೂಲೆಗೆ ಕರೆದ. "ಮಂಜ, ಇದು ಯಂತ್ರ ಮಂತ್ರ ಅಂತ ಕೂರೋ ವಿಚಾರ ಅಲ್ಲ ಕಣ್ಲಾ. ಬೆಂಗ್ಳೂರ್‌ಗೆ ಕರ್ಕೊಂಡ್ ಹೋಗನ. ನಾನ್ ಗಾಡಿ ತತ್ತೀನಿ."

"ಅಣ್ಣ, ಸರ್ವೆಯೋರು ಬತ್ತಾರಲ್ಲ..."

"ಅವ್ರು ಸೋಮ್ವಾರ ಅಂತ ಹೇಳವ್ರೆ. ಅಷ್ಟೊತ್ಗೆ ಬಂದ್ಬುಡ್ತೀನಿ. ಈಗ ಹೊರಡು ನೀನು."

ವ್ಯಾನು ಹತ್ತುವಾಗ ನಾನು ಅವನ ಕೈ ಹಿಡಿದುಕೊಂಡೆ. ಯಾರ್ಗೂ ಹೇಳ್ಬೇಡ ಅಣ್ಣ, ಸವಿತನ್ನ ಹುಚ್ಚಿ ಅಂತಾರೆ, ನಾಳೆ ಮಗೀನೂ ಹುಚ್ಚಿ ಮಗಳು ಅಂತಾರೆ — ಹೀಗೇನೋ ಅಂದೆ. ಅವನು, "ನನ್ ಬಾಯಿಂದ ಬರಕಿಲ್ಲ, ಹತ್ತು" ಅಂದ. ಊರಿಗೆ ನಾವು ಹೇಳಿದ್ದು: ಸವಿತ ಮಾಗಡಿಗೆ ತವರಿಗೆ ಹೋದಳು, ನಾನು ಕಂಪನಿಯ ತರಬೇತಿಗೆ ಬೆಂಗಳೂರಿಗೆ ಹೋದೆ. ಗೋವಿಂದಣ್ಣ ತನ್ನ ಹೆಂಡತಿ ಜಯಮ್ಮನಿಗೂ, ಬೆಂಗಳೂರಲ್ಲಿ ಒಸಿ ಕೆಲಸ ಐತೆ ಅಂತಷ್ಟೇ ಹೇಳಿ ಬಂದಿದ್ದ. ಗಡಿಬಿಡಿಯಲ್ಲಿ ಅವನ ಫೋನು ಮನೆಯಲ್ಲೇ ಉಳಿದಿತ್ತು.

ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು ಸವಿತಳ ಜೊತೆ ಬಹಳ ಹೊತ್ತು ಕೂತರು. ಹೊರಗೆ ಬಂದು, ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದೆ, ಇದು ಕಾಯಿಲೆ, ವಾಸಿಯಾಗುತ್ತದೆ, ಆದರೆ ಇಲ್ಲೇ ಇರಬೇಕು ಎಂದರು. ಸವಿತಳನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿಕೊಂಡಿತು. ಅತ್ತೆ ಮಾಗಡಿಯಿಂದ ಬರುವವರೆಗೆ ಮಗು ನಮ್ಮ ಕೈಯಲ್ಲಿ. ನನಗೆ ಅದನ್ನು ಹಿಡಿಯಲೂ ಬರುತ್ತಿರಲಿಲ್ಲ. ಗೋವಿಂದಣ್ಣನೇ ಬಿಸಿನೀರು ತಂದ, ಬಾಟಲಿಯಲ್ಲಿ ಹಾಲು ಕಲಸಿ ತನ್ನ ಮುಂಗೈ ಮೇಲೆ ತೊಟ್ಟಿಕ್ಕಿಸಿ ನೋಡಿ ಕುಡಿಸಿದ. ಮೊದಲ ಹಗಲು ಹೀಗೆ ಕಳೆಯಿತು. ಮರುದಿನ, ಸೋಮವಾರಕ್ಕೆ ಇನ್ನೂ ಹೊತ್ತಿರುವಾಗಲೇ — ಆ ದಿನ ಬಂತು.

ಬೆಳಗಿನ ತಿಂಡಿ ಹೊತ್ತು. ನಾನು ಆಸ್ಪತ್ರೆಯ ಕಾರಿಡಾರಿನ ಕೊನೆಯ ಪ್ಲಗ್ಗಿಗೆ ಫೋನು ಸಿಕ್ಕಿಸಿ ನಿಂತಿದ್ದೆ. ಪುಟ ತೆರೆಯಿತು. ಶಿವರಾಜು ಬರೆದಿದ್ದ. ಶಿವರಾಜು ನನ್ನ ಓರಗೆಯವನು, ಚಳವಳಿಯಲ್ಲಿ ಗೋವಿಂದಣ್ಣನ ಬಲಗೈಯಂತಿದ್ದವನು. ಸರ್ವೆಯವರು ಹೇಳಿದ ದಿನಕ್ಕಿಂತ ಮುಂಚೆ ಬಂದಿದ್ದಾರೆ, ಜೊತೆಗೆ ಪೊಲೀಸರ ಗಾಡಿಗಳಿವೆ, ಗೋವಿಂದಣ್ಣ ಎಲ್ಲಿ, ವ್ಯಾನು ಎಲ್ಲಿ, ಯಾರಿಗಾದರೂ ಗೊತ್ತಾ — ಎಂದು.

ನಾನು ತಿರುಗಿ ನೋಡಿದೆ. ಗೋವಿಂದಣ್ಣ ಬೆಂಚಿನ ಮೇಲೆ ಮಗುವಿನ ಬೆನ್ನು ತಟ್ಟುತ್ತಿದ್ದ. ನನ್ನನ್ನು ನೋಡಿ ಕೇಳಿದ, "ಏನ್ಲಾ, ಊರ ಸುದ್ದಿ?"

ಬೆಂಗಳೂರಿನಿಂದ ನಮ್ಮೂರು ದೂರವಲ್ಲ. ಹೇಳಿದ್ದರೆ, ಅವನು ಆ ಕ್ಷಣ ಎದ್ದು ಕನಕಪುರದ ರಸ್ತೆ ಹಿಡಿದಿದ್ದರೆ, ಕಲ್ಲು ಇಳಿಯುವ ಮುಂಚೆ ಅಲ್ಲಿರುತ್ತಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೇಳಲಿಲ್ಲ. ಅವನು ಹೋದರೆ ಆ ಮುಚ್ಚಿದ ಬಾಗಿಲಿನ ಮುಂದೆ ಈ ಕೂಸನ್ನು ಹಿಡಿದುಕೊಂಡು ನಾನೊಬ್ಬನೇ ಉಳಿಯಬೇಕಿತ್ತು.

"ಏನಿಲ್ಲ ಕಣಣ್ಣ. ಎಲ್ಲಾ ಸುಮ್ಕವ್ರೆ" ಅಂದೆ.

ಅವನು ತಲೆಯಾಡಿಸಿ ಮತ್ತೆ ಮಗುವಿನ ಬೆನ್ನು ತಟ್ಟತೊಡಗಿದ.

ಇದನ್ನು ನಾನು ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಊರಿಗೆ ಹೇಳಿದ ಸುಳ್ಳಿಗೂ ಮುಂಚಿನ ಸುಳ್ಳು ಇದು, ಅವನ ಮುಖ ನೋಡಿಕೊಂಡೇ ಹೇಳಿದ್ದು.

ಆಮೇಲೆ ಪುಟದಲ್ಲಿ ಒಂದರ ಹಿಂದೆ ಒಂದು ಸುದ್ದಿ. ಹೆಂಗಸರು ದಾರಿಗೆ ಅಡ್ಡ ಕೂತಿದ್ದಾರೆ. ತಳ್ಳಾಟ ಶುರುವಾಗಿದೆ. ಹುಡುಗರು ಕಲ್ಲು ಎತ್ತಿಕೊಂಡಿದ್ದಾರೆ, ತಡೆಯುವವರಿಲ್ಲ. ಲಾಠಿ ಬಿತ್ತು. ಶಿವರಾಜುವಿನ ಕೈ ಮುರಿದಿದೆ. ಗಂಡಸರನ್ನು ಗಾಡಿಗೆ ತುಂಬುತ್ತಿದ್ದಾರೆ. ನಾನು ಗುಂಡಿ ಒತ್ತುತ್ತ, ಪುಟ ತಿರುಗಿ ತೆರೆಯುವುದನ್ನು ಕಾಯುತ್ತ, ಕಾರಿಡಾರಿನ ಕೊನೆಯಲ್ಲಿ ನಿಂತಿದ್ದೆ. ಒಳಗಿನಿಂದ ಸವಿತಳ ಹೆಸರು ಹಿಡಿದು ನನ್ನನ್ನು ಕರೆದರಂತೆ, ನನಗೆ ಕೇಳಲಿಲ್ಲ. ಗೋವಿಂದಣ್ಣ ಬಂದು ಭುಜ ಅಲುಗಿಸಿದ. "ಕರೀತಾವ್ರೆ ಹೋಗ್ಲಾ. ಆ ಫೋನ್ ಜೇಬಿಗ್ ಹಾಕು."

ವೈದ್ಯೆಯ ಮಾತು ಮುಗಿಸಿ ಹೊರಗೆ ಬಂದಾಗ ನನ್ನ ಹೆಸರಿಗೇ ಒಂದು ಪ್ರಶ್ನೆ ಬಂದು ಕೂತಿತ್ತು. ಕೈ ಮುರಿದುಕೊಂಡ ಶಿವರಾಜು ಬೇರೆ ಯಾರಿಂದಲೋ ಬರೆಸಿದ್ದ. ಗೋವಿಂದನ ವ್ಯಾನು ನಿನ್ನೆ ಬೆಂಗಳೂರಿನ ಕಡೆ ಹೋಯಿತಂತೆ. ಮಂಜ, ನೀನು ಅಲ್ಲೇ ಇದ್ದೀಯಲ್ಲ, ಅವನನ್ನು ಕಂಡೆಯಾ?

ಎಲ್ಲರೂ ಓದುವ ಜಾಗದಲ್ಲಿ ಕೇಳಿದ್ದ ಪ್ರಶ್ನೆ. ಕಂಡೆ ಅಂದರೆ ಎಲ್ಲಿ ಅನ್ನುತ್ತಾರೆ. ಯಾಕೆ ಅನ್ನುತ್ತಾರೆ. ಬೇರೆ ಸುಳ್ಳು ಹೇಳಬಹುದಿತ್ತು — ನಮ್ಮ ನೆಂಟನೊಬ್ಬನಿಗೆ ಅಪಘಾತವಾಯಿತು, ಕರೆದುಕೊಂಡು ಬಂದ, ಏನಾದರೂ. ಅದೂ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ. ಅವನು ನನ್ನ ಜೊತೆ ಇದ್ದಾನೆ ಅಂದರೆ ಊರವರಿಗೆ ಲಾಠಿ ಏಟು ಬೀಳಿಸಿದ ಪಾಪದಲ್ಲಿ ನನಗೂ ಪಾಲು ಬರುತ್ತದೆ ಎಂದು ನನ್ನ ಬೆರಳಿಗೆ ತಿಳಿದಿತ್ತು. ಕಂಡಿಲ್ಲ ಎಂದು ಕುಟ್ಟಿದೆ. ಕಳಿಸಿದೆ.

ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಗೋವಿಂದ ಕಂಪನಿಯವರ ಜೊತೆ ಸೇರಿಕೊಂಡಿದ್ದಾನೆ ಎಂದು ಒಬ್ಬ ಬರೆದ. ಸಂಜೆಗೆ ಅವನನ್ನು ಯಾವುದೋ ಕಚೇರಿಯ ಮೆಟ್ಟಿಲ ಮೇಲೆ ಕಂಡವರು ಹುಟ್ಟಿಕೊಂಡರು. ಪುಟ ನನ್ನ ಕೈಯಲ್ಲಿತ್ತು. ಅಳಿಸಬಹುದಿತ್ತು. ಅಳಿಸಲಿಲ್ಲ.

ಅತ್ತೆ ಬಂದಳು. ಗೋವಿಂದಣ್ಣ ಮಗುವನ್ನು ಅವಳ ಕೈಗೆ ಕೊಟ್ಟು, ಬರ್ತೀನಿ ಕಣವ್ವ, ಧೈರ್ಯವಾಗಿರಿ ಅಂದು ವ್ಯಾನು ಹತ್ತಿದ. ಊರು ತನಗೆ ಏನು ಕಾದಿಟ್ಟಿದೆ ಎಂದು ಗೊತ್ತಿಲ್ಲದೆ ಹೋದ. ಅವನು ಗೇಟು ದಾಟುವವರೆಗೆ ನನಗೆ ಬಾಯಿತ್ತು, ತೆರೆಯಲಿಲ್ಲ.

ನಾನು ಊರಿಗೆ ಹೋದಾಗ ಅವನ ಮನೆಯ ಗೋಡೆಗೆ ಯಾರೋ ಟಾರು ಬಳಿದಿದ್ದರು. ಅವನ ಗಾಡಿಗೆ ಗೂಡು ಹಾಕುವುದನ್ನು ಊರು ನಿಲ್ಲಿಸಿತ್ತು. ಜಯಮ್ಮ ತಂದ ಹಾಲನ್ನು ಡೇರಿಯಲ್ಲಿ ಹಾಕಿಸಿಕೊಳ್ಳುವಾಗ ಬೇಕೆಂದೇ ಎಲ್ಲರಿಗಿಂತ ಕೊನೆಗೆ ಕರೆಯುತ್ತಿದ್ದರು. ಅವನ ಮಗಳು ರೂಪಳಿಗೆ ಚನ್ನಪಟ್ಟಣದ ಕಡೆ ಸಂಬಂಧ ಗೊತ್ತಾಗಿತ್ತು. ಮದುವೆಗೆ ನಮ್ಮೂರಿನಿಂದ ಒಂದು ನರಪಿಳ್ಳೆಯೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಪಾಳಿ ಇತ್ತು ಅಂದುಕೊಂಡೆ.

ಮದುವೆಗೆ ಮುಂಚೆ ಒಂದು ಸಲ ಅವನು ನನ್ನ ಹತ್ತಿರ ಬಂದಿದ್ದ. ಕಾರ್ಖಾನೆಯಿಂದ ಬರುವ ದಾರಿಯಲ್ಲಿ ಕಾದು ನಿಂತಿದ್ದ. ಸೊರಗಿ ಹೋಗಿದ್ದ.

"ಮಂಜ, ನೀನೊಂದ್ ಮಾತ್ ಹೇಳ್ಬುಡ್ಲಾ. ಆಸ್ಪತ್ರೆ ಗೀಸ್ಪತ್ರೆ ಅನ್ಬೇಡ, ಸವಿತನ್ ಸುದ್ದಿ ಎತ್ಬೇಡ. ಗೋವಿಂದ ಅವತ್ತು ನನ್ ಜೊತೆ ಇದ್ದ ಅನ್ನು, ಸಾಕು. ನೀನಂದ್ರೆ ನಂಬ್ತಾರೆ."

"ನೋಡನ ಅಣ್ಣ. ಒಸಿ ದಿನ ಹೋಗ್ಲಿ. ಈಗ್ಲೇ ಅಂದ್ರೆ ಎಲ್ಲಾ ಕಾವ್ನಲ್ಲವ್ರೆ."

ಅವನು ವ್ಯಾನಿನ ಕಡೆ ತಿರುಗಿದ. ಆಯ್ತು ಅಂದ. ಮತ್ತೆ ಕೇಳಲಿಲ್ಲ. ಮಗಳ ಮದುವೆಯಾದ ಮೇಲೆ ಇದ್ದಬದ್ದದ್ದನ್ನು ವ್ಯಾನಿಗೆ ತುಂಬಿಕೊಂಡು ಜಯಮ್ಮನ ತವರಿಗೆ, ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಗೆ ಹೊರಟುಹೋದ. ಆಗಲೂ ಅವನು ಬಾಯಿ ಬಿಡಲಿಲ್ಲ. ನನಗೆ ಕೊಟ್ಟ ಮಾತು — ಅದನ್ನು ಕೊಟ್ಟದ್ದು ನನ್ನಂಥವನಿಗೆ ಎಂಬುದು ಅವನಿಗೆ ಲೆಕ್ಕಕ್ಕೆ ಬರಲಿಲ್ಲವೋ ಏನೋ.

ಸವಿತ ಹುಷಾರಾದಳು. ಕೆಲವು ತಿಂಗಳು ತವರಲ್ಲಿದ್ದು ಬಂದಳು. ಬಂದ ದಿನವೇ ಗೋವಿಂದಣ್ಣ ಎಲ್ಲಿ ಎಂದು ಕೇಳಿದಳು. ಜಯಮ್ಮನ ಕಡೆಯ ಜಮೀನು ನೋಡಿಕೊಳ್ಳಲು ಹೋದ, ಊರವರ ಜೊತೆ ಏನೋ ಮನಸ್ತಾಪ ಅಂದೆ. ಆಸ್ಪತ್ರೆಗೆ ಕರೆದೊಯ್ದವನು ಅವನೇ ಎಂಬುದು ಅವಳಿಗೆ ನೆನಪಿತ್ತು. ಆ ದಿನಗಳು ಯಾವುವು, ಊರಲ್ಲಿ ಕಲ್ಲು ನೆಟ್ಟದ್ದು ಯಾವತ್ತು ಎಂಬುದು ಅವಳಿಗೆ ಕಲಸಿಹೋಗಿತ್ತು. ಊರವರು ಅವನನ್ನು ದೂರುವುದು ಕಿವಿಗೆ ಬಿದ್ದು ಅವಳು ಕೇಳಿದಾಗಲೂ ನಾನು ಬಿಡಿಸಿ ಹೇಳಲಿಲ್ಲ.

ಬಯಲು ಹೋಯಿತು. ಈಗ ಅಲ್ಲಿ ಉದ್ದುದ್ದ ಕಾಂಪೌಂಡುಗಳು, ಲಾರಿಗಳು. ಗೋವಿಂದಣ್ಣ ಇದ್ದಿದ್ದರೂ ಕೊನೆಗೆ ಹೋಗುತ್ತಿತ್ತು ಎಂದು ಎಷ್ಟು ಸಲ ಹೇಳಿಕೊಂಡಿದ್ದೇನೋ. ಹೋಗುತ್ತಿತ್ತೇನೋ. ಆದರೆ ಶಿವರಾಜುವಿನ ಕೈ ಮುರಿಯುತ್ತಿರಲಿಲ್ಲ. ಒಬ್ಬ ನಿರಪರಾಧಿ ದ್ರೋಹಿಯಾಗುತ್ತಿರಲಿಲ್ಲ. — ನೋಡಿ, ವಾದ ಶುರುವಾಯಿತು. ಬಿಡುತ್ತೇನೆ.

ವರ್ಷಗಳು ಹೋದವು. ಮಗಳು ಚೈತ್ರ ಕಾಲೇಜು ಸೇರಿದಳು. ಎರಡು ತಿಂಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವಳ ಕಾಲೇಜಿನ ಕಾರ್ಯಕ್ರಮಕ್ಕೆ ಬರುತ್ತೇನೆಂದು ನಾನು ಒಪ್ಪಿಕೊಂಡಿದ್ದೆ. ಅವಳು ನಗುತ್ತ ಅಂದಳು, "ಆಮೇಲೆ ಗೋವಿಂದನ ಥರ ಕೈ ಕೊಡ್ಬೇಡಪ್ಪ."

ಊರಲ್ಲಿ ಹಾಗೊಂದು ಮಾತು ಬೆಳೆದಿತ್ತು. ಹೊತ್ತಿಗೆ ಬಾರದವನಿಗೆ, ಹೇಳಿ ತಪ್ಪಿಸಿಕೊಂಡವನಿಗೆ ಹುಡುಗರು ಅನ್ನುವ ಮಾತು. ಯಾರ ಹೆಸರು ಅದು ಎಂದೂ ಅವರಿಗೆ ಗೊತ್ತಿರಲಿಲ್ಲ.

ಸವಿತ ತಲೆ ಎತ್ತಿದಳು. "ಯಾವ್ ಗೋವಿಂದ?"

"ಅದೇ ಅಮ್ಮ, ಹಿಂದೆ ಯಾರೋ ಇದ್ನಂತಲ್ಲ. ಜಮೀನಿಗೆ ಕಲ್ಲು ನೆಟ್ಟ ದಿನ ಊರೋರ್ಗೆ ಕೈ ಕೊಟ್ಟು ಬೆಂಗ್ಳೂರ್‌ಗೆ ಓಡೋದ್ನಂತೆ. ನಾನು ಹುಟ್ಟಿದ ತಿಂಗ್ಳೇ ಅಂತೆ."

ಸವಿತ ನನ್ನ ಕಡೆ ನೋಡಿದಳು. ನಾನು ತಟ್ಟೆ ನೋಡಿದೆ. ಅವಳಿಗೆ ಅಷ್ಟೇ ಸಾಕಾಗಿತ್ತು. ಚೈತ್ರ ಎದ್ದು ಹೋದ ಮೇಲೆ ಸವಿತ ಒಂದೊಂದೇ ಕೇಳಿದಳು, ನಾನು ಒಂದೊಂದೇ ಹೇಳಿದೆ. ನಿನ್ನ ಮಾನ ಉಳಿಸುವುದಕ್ಕೆ ಸುಮ್ಮನಿದ್ದೆ ಎಂದೆ.

ಅವಳು ಅಳಲಿಲ್ಲ. "ನನ್ ಮಾನ ಅನ್ಬೇಡಿ ಕಣ್ರಿ. ನನ್ನೊಂದ್ ಮಾತ್ ಕೇಳಿದ್ರಾ ಇಷ್ಟ್ ವರ್ಷ್ದಲ್ಲಿ? ನನಗ್ ಬಂದಿದ್ದು ಕಾಯ್ಲೆ. ವಾಸಿ ಆಯ್ತು. ನಿಮಗ್ ಬಂದಿದ್ದು ಭಯ. ನನ್ನ ಸೆರಗಿನ್ ಹಿಂದೆ ಬಚ್ಚಿಟ್ಕೊಂಡ್ರಿ." ತಟ್ಟೆಗಳನ್ನು ಎತ್ತಿಕೊಳ್ಳುತ್ತ ಅಂದಳು: "ಚೈತ್ರಂಗೆ ಮೊದ್ಲು ಹೇಳಿ. ಆಮೇಲ್ ಗೋವಿಂದಣ್ಣನ್ ಹತ್ರ ಹೊರಡಿ. ನಾನೂ ಬತ್ತೀನಿ."

ಚೈತ್ರಳಿಗೆ ಹೇಳಿದೆವು. ಅವಳಮ್ಮನ ಕಾಯಿಲೆಯ ಕಥೆ ಕೇಳಿ ಅಮ್ಮನನ್ನು ಅಪ್ಪಿಕೊಂಡಳು. ನನ್ನ ಕಥೆ ಕೇಳಿ ಎದ್ದು ಕೋಣೆಗೆ ಹೋದಳು. ಈಗಲೂ ನನ್ನ ಜೊತೆ ಅವಳ ಮಾತು ಕಡಿಮೆ.

ಗುಡೇಮಾರನಹಳ್ಳಿಗೆ ನಾವು ಮೂವರೂ ಹೋದೆವು. ಗೋವಿಂದಣ್ಣ ಕೊಟ್ಟಿಗೆಯ ಮುಂದೆ ಹಸುವಿಗೆ ಮೇವು ಕತ್ತರಿಸುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸವಿತಳನ್ನು ಮೊದಲು ಗುರುತು ಹಿಡಿದ. "ಚೆನ್ನಾಗಿದ್ದೀಯೇನವ್ವ?" ಅಂದ. ಅವಳು ಅವನ ಕಾಲು ಮುಟ್ಟಿ, ಮಗಳನ್ನು ಮುಂದೆ ಮಾಡಿ, "ಇವಳೇ ಅಣ್ಣ" ಅಂದಳು. ಅವನು ಚೈತ್ರಳನ್ನು ನೋಡುತ್ತ ಕುಡುಗೋಲನ್ನು ಕೆಳಗಿಟ್ಟ.

ಜಯಮ್ಮ ನಡುಮನೆಯ ಬಾಗಿಲಲ್ಲೇ ನಿಂತು ನನಗೆ ಹೇಳಿದಳು: "ಈ ಊರಿಗ್ ಬಂದ್ ಮೇಲೇ ಇವರು ನನಗೆ ಬಾಯ್ಬುಟ್ಟಿದ್ದು. ಒಂದ್ ಮಳೆಗಾಲ ಪೂರ್ತಿ ನಾನಿವರ್ ಜೊತೆ ಮಾತಾಡ್ಲಿಲ್ಲ. ನಿನ್ ಮನೆಗ್ ಬಂದು ಕೂಗಾಡ್ಬೇಕು ಅಂತ ಎಷ್ಟ್ ದಿನ ಹೊರಟೆ. ಬುಡಲಿಲ್ಲ ಇವರು."

ನಾನು ಹೇಳತೊಡಗಿದೆ. ಕೇಳಿದರು, ಕಂಡಿಲ್ಲ ಎಂದೆ, ತಪ್ಪಾಯಿತು — ಇನ್ನೂ ಮಾತು ಮುಗಿದಿರಲಿಲ್ಲ, ಗೋವಿಂದಣ್ಣ ಕೈ ಎತ್ತಿ ತಡೆದ.

"ಇದ ನನಗ್ಯಾಕ್ ಹೇಳ್ತೀಯ? ನನಗ್ ಗೊತ್ತಿರೋದೇ. ಗೊತ್ತಿಲ್ದೋರ್ಗೆ ಹೇಳು."

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಇನ್ನೊಂದು ಉಳಿದಿತ್ತು, ಅವನಿಗೂ ಗೊತ್ತಿಲ್ಲದ್ದು. ಸವಿತಳಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಅವತ್ತು ಬೆಳಿಗ್ಗೆಯೇ ನನಗೆ ಸುದ್ದಿ ಬಂದಿತ್ತು ಅಣ್ಣ, ನೀನು ಕೇಳಿದೆ, ನಾನು ಏನಿಲ್ಲ ಅಂದೆ. ನೀನು ಎದ್ದು ಹೋಗುತ್ತೀಯ ಅಂತ ಹೆದರಿ, ಎಂದುಬಿಟ್ಟೆ.

ಗೋವಿಂದಣ್ಣ ಎದ್ದು ಕೊಟ್ಟಿಗೆಯ ಒಳಗೆ ಹೋದ. ಒಳಗೆ ಹಸುವಿನ ಮೈ ತಿಕ್ಕುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಬಿಟ್ಟು ಬಂದ. ಕಣ್ಣು ಕೆಂಪಾಗಿತ್ತು.

"ಹೋಗ್ತಿದ್ನೋ ಇಲ್ವೋ ನನಗೇ ಗೊತ್ತಿಲ್ಲ" ಅಂದ. "ಮಗೀನ್ ಮಕ ನೋಡ್ಕೊಂಡು ಅಲ್ಲೇ ಇರ್ತಿದ್ನೇನೋ. ಇದ್ದಿದ್ರೆ ಅದು ನಾನ್ ಮಾಡಿದ್ದಾಗ್ತಿತ್ತು. ಊರೋರು ಉಗುದ್ರೂ ಒರ್ಸ್ಕೋತಿದ್ದೆ. ನನ್ನ ಕೇಳ್ಬೇಕಾಗಿತ್ತು ಕಣ್ಲಾ ನೀನು."

ಅವನು ಕ್ಷಮಿಸಿದೆ ಅನ್ನಲಿಲ್ಲ. ಊಟಕ್ಕೆ ಏಳಿ ಎಂದು ಸವಿತಳಿಗೂ ಚೈತ್ರಳಿಗೂ ಹೇಳಿದ. ನನಗೆ ಹೇಳಲಿಲ್ಲ. ನಾನು ಜಗಲಿಯ ಮೇಲೆ ಕೂತೆ. ಅದು ಸರಿಯಾಗಿಯೇ ಇತ್ತು.

ಹೋದ ತಿಂಗಳು ನಮ್ಮೂರ ಡೇರಿಯ ಸಭೆ ಇತ್ತು. ಲೆಕ್ಕಪತ್ರ ಓದಿ ಮುಗಿದ ಮೇಲೆ, ನನಗೊಂದು ಮಾತು ಹೇಳುವುದಿದೆ ಎಂದು ಎದ್ದು ನಿಂತೆ. ಎರಡು ಸುಳ್ಳನ್ನೂ ಹೇಳಿದೆ, ಯಾರಿಗೆ ಹೇಳಿದ್ದು, ಯಾಕೆ ಹೇಳಿದ್ದು, ಯಾವುದನ್ನೂ ಮೆತ್ತಗೆ ಮಾಡದೆ. ಆಸ್ಪತ್ರೆ ಅನ್ನುವಾಗ ನನ್ನ ದನಿ ಇಳಿಯಿತು. ಹೆಂಗಸರ ಸಾಲಿನಿಂದ ಸವಿತ ಎದ್ದು ನಿಂತು, "ಜೋರಾಗೇ ಹೇಳಿ, ಮಾನಸಿಕ ಆಸ್ಪತ್ರೆ. ನಾನೇ ಇದ್ದೋಳು" ಅಂದಳು.

ಮೊದಲು ಮಾತಾಡಿದವನು ಶಿವರಾಜು. ಅವನ ಕೈ ಇವತ್ತಿಗೂ ಪೂರ್ತಿ ಚಾಚುವುದಿಲ್ಲ.

"ನಿನ್ನ ಕೇಳೇ ಬರ್ಸ್ದೆ ಕಣ್ಲಾ ನಾನು. ನೀನ್ ಕಂಡಿಲ್ಲ ಅಂದ್ ಮೇಲೇ ಅವ್ನು ಕಂಪ್ನಿಯೋರ್ ಜೊತೆ ಸೇರವ್ನೆ ಅಂತ ಬರ್ಸಿದ್ದು. ಅವ್ನ್ ಮನೆ ಗೋಡೆಗೆ ಟಾರು ಬಳ್ದೋನೂ ನಾನೇ." ಅವನು ನೆಟ್ಟಗಿದ್ದ ಇನ್ನೊಂದು ಕೈಯನ್ನು ಮುಂದೆ ಚಾಚಿದ. "ಈಗ ಈ ಕೈಯ್ಯ ಏನ್ ಮಾಡ್ಲಿ ಹೇಳು."

ಸಮಿತಿಯಿಂದ ಹೊರಗೆ ಹೋಗು ಅಂದರು ಕೆಲವರು. ಅವರು ಹೇಳುವ ಮೊದಲೇ ಬಿಟ್ಟಿದ್ದೆ. ಇಷ್ಟು ವರ್ಷ ಆದ ಮೇಲೆ ಇದೆಲ್ಲ ಯಾತಕ್ಕೆ ಅಂದವರೂ ಇದ್ದರು. ಈಗ ದಾರಿಯಲ್ಲಿ ಕೆಲವರು ಮುಖ ತಿರುಗಿಸುತ್ತಾರೆ. ಒಬ್ಬ ಹುಡುಗ ಮೊನ್ನೆ ಹಳೇ ಮಾತನ್ನೇ ಅಂದು, ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡ. ಅನ್ನಬೇಡಪ್ಪ, ಅನ್ನಲೇಬೇಕಾದರೆ ಮಂಜನ ಹೆಸರು ಹಾಕಿ ಅನ್ನು ಎಂದೆ. ತಮಾಷೆಗೆ ಹೇಳಿದ್ದಲ್ಲ.

ಶಿವರಾಜು ಒಬ್ಬನೇ ಗುಡೇಮಾರನಹಳ್ಳಿಗೆ ಹೋಗಿ ಬಂದ ಎಂದು ಕೇಳಿದೆ. ಅಲ್ಲಿ ಏನು ಮಾತಾಯಿತು ಎಂದು ಅವನು ಹೇಳಿಲ್ಲ, ನಾನು ಕೇಳಿಲ್ಲ. ಊರಿನಿಂದ ಹೊರಗೆ ಹೋಗಿ ನೆಲೆಸಿದವರು ಇನ್ನೂ ಇದ್ದಾರೆ — ಕನಕಪುರದಲ್ಲಿ, ರಾಮನಗರದಲ್ಲಿ. ಅವರೆಲ್ಲ ಗೋವಿಂದಣ್ಣನನ್ನು ದ್ರೋಹಿ ಎಂದುಕೊಂಡೇ ಮುದುಕರಾಗುತ್ತಿದ್ದಾರೆ. ಕೆಲವರ ಮನೆಗೆ ಹೋಗಿ ಹೇಳಿ ಬಂದಿದ್ದೇನೆ. ಉಳಿದವರ ಮನೆಗೂ ಹೋಗುತ್ತೇನೆ. ಕಾಲಿಗೆ ಹೋಗಲಾಗದ ಕಡೆಗೆ ಈ ಬರಹ ಹೋಗಲಿ ಎಂದು ಬರೆದೆ.

ಬರುವ ಭಾನುವಾರ ಚನ್ನಪಟ್ಟಣಕ್ಕೆ ಹೋಗಬೇಕು. ರೂಪ ಅಲ್ಲಿದ್ದಾಳೆ. ತನ್ನ ಮದುವೆಯ ದಿನ ಅಪ್ಪ ಊರಿನವರಿಗಾಗಿ ಹಾಕಿಸಿದ್ದ ಊಟದ ಎಲೆಗಳು ಖಾಲಿ ಬಿದ್ದಿದ್ದನ್ನು ನೋಡಿದವಳು ಅವಳು. ಜಯಮ್ಮ ಅವಳಿಗೆ ಎಲ್ಲ ಹೇಳಿದ್ದಾಳೆ. ನಾನು ಫೋನು ಮಾಡಿ, ಬರಲಾ ಎಂದು ಕೇಳಿದ್ದಕ್ಕೆ ಅವಳು, "ಬನ್ನಿ. ನಂದೂ ಒಂದಿಷ್ಟು ಕೇಳೋದೈತೆ" ಎಂದಷ್ಟೇ ಹೇಳಿ ಇಟ್ಟಳು.

ಅವಳು ಏನು ಕೇಳುತ್ತಾಳೋ ನನಗೆ ಗೊತ್ತಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಅವಳು ಎದ್ದು ಹೋಗು ಅನ್ನುವವರೆಗೆ ಅಲ್ಲೇ ಕೂತಿರುತ್ತೇನೆ.